ಸಾವಿನ ಮನೆಯಲ್ಲಿ ಟೀಮು ಕಟ್ಟಿದ ಭಾವ

ನಮ್ಮ ಭಾವ ಸಾವಿನ ಮನೆಗೆ ಬಂದರು ಅಂದರೆ ಜನ ಹೆಣವನ್ನು ಬಿಟ್ಟು ಅವರನ್ನೇ ನೋಡುತ್ತಾರೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನಲ್ಲಿ ಯಾರೇ ಸತ್ತರೂ ನೆಂಟರಿಗಿಂತ ಮೊದಲು ಅವರಿಗೆ ಸುದ್ದಿ ಮುಟ್ಟಿರುತ್ತದೆ. ಬರುತ್ತಾರೆ, ಹಾರ ಹಾಕುತ್ತಾರೆ, ಕೈ ಮುಗಿದು ಸತ್ತವರ ಮುಖವನ್ನು ಒಂದು ನಿಮಿಷ ನೋಡುತ್ತಾರೆ. ಅಲ್ಲಿಯವರೆಗೆ ಎಲ್ಲಾ ಸರಿ. ಆಮೇಲೆ ಜೇಬಿನಿಂದ ನೋಟುಬುಕ್ಕು ತೆಗೆದು, ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿರುವ ಗಂಡಸರ ಹತ್ತಿರ ಒಬ್ಬೊಬ್ಬರಾಗಿ ಹೋಗಿ ಮೆತ್ತಗೆ ಕೇಳುತ್ತಾರೆ: "ಬಲಗೈಯೋ, ಎಡಗೈಯೋ?"

ಹೆಣ ಹೊರುವುದಕ್ಕೆ ಕೇಳುತ್ತಿದ್ದಾರೆ ಅಂದುಕೊಂಡು ಜನ ಹೇಳುತ್ತಾರೆ: "ಬಲಗಡೆಗೆ ಹೆಗಲು ಕೊಡ್ತೀನಿ ಬುಡಿ."

ಭಾವ ಬರೆದುಕೊಳ್ಳುತ್ತಾರೆ: 'ಬ್ಯಾಟ್ಸ್‌ಮನ್ನು. ಬಲಗೈ.'

ಇವರು ನನ್ನ ಅಕ್ಕನ ಗಂಡ. ಕಿರಂಗೂರಿನವರು. ಕರೆಂಟಿನ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದು, ರಿಟೈರ್ ಆಗಿ ಎರಡು ವರ್ಷ. ಯಾವ ಊರಿನ ಹೆಸರು ಹೇಳಿದರೂ ಅಲ್ಲಿಯ ದೇವಸ್ಥಾನಕ್ಕಿಂತ ಮೊದಲು ಟ್ರಾನ್ಸ್‌ಫಾರ್ಮರು ನೆನಪಾಗುವ ಮನುಷ್ಯ. ಹುಟ್ಟಿದಾಗಿನಿಂದ ಅವರು ಕ್ರಿಕೆಟ್ ಆಡಿದ್ದನ್ನು ಯಾರೂ ಕಂಡಿಲ್ಲ. ಬ್ಯಾಟು ಕೊಟ್ಟರೆ ಕಂಬಕ್ಕೆ ಗುಂಡಿ ತೋಡುವ ಹಾರೆ ಹಿಡಿದ ಹಾಗೆ ಹಿಡಿಯುತ್ತಾರೆ. ಇಂಥವರಿಗೆ ಒಂದು ದಿನ, ನಾಲ್ಕು ತಾಲ್ಲೂಕಿನಲ್ಲೂ ನಲವತ್ತೈದು ದಾಟಿದ ಗಂಡಸರೆಲ್ಲ ಕ್ರಿಕೆಟ್ ಆಡಬೇಕು ಅನ್ನುವ ಹುಚ್ಚು ಹತ್ತಿಬಿಟ್ಟಿತು!

"ಹುಡುಗರನ್ನ ಸೇರಿಸಿ ಭಾವ, ಒಂದೇ ದಿನಕ್ಕೆ ನೂರು ಜನ ಬರ್ತಾರೆ" ಅಂದೆ.

"ಹುಡುಗ್ರು ಎಂಗೋ ಆಡ್ಕತವೆ ಕಣ್ಲಾ. ನನಗೆ ಮುದುಕರಾಗ್ತಾ ಇರೋರು ಬೇಕು."

"ಸರಿ, ಅದಕ್ಕೆ ಸಾವಿನ ಮನೆಗೇ ಯಾಕೆ ಹೋಗ್ಬೇಕು?"

"ಮತ್ತೆ ಆ ವಯಸ್ನೋರು ಒಂದೇ ಕಡೆ ಇನ್ನೆಲ್ಲಿ ಸಿಗ್ತಾರ್ಲಾ?"



ಪಾಂಡವಪುರದ ಕಡೆಯ ಒಂದು ಹಳ್ಳಿಯಲ್ಲಿ ಆಲೆಮನೆ ಇಟ್ಟುಕೊಂಡು ಬೆಲ್ಲ ಕಾಯಿಸುವ ಇಬ್ಬರು ಅಣ್ಣತಮ್ಮಂದಿರಿದ್ದರು. ಅಣ್ಣ ತೀರಿಹೋದ. ಭಾವ ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋದರು. ತಮ್ಮ ಅಂಗಳದಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಎತ್ತರದ ಆಳು, ಉದ್ದನೆಯ ತೋಳು. ಭಾವ ಅವನ ತೋಳನ್ನೇ ನೋಡುತ್ತಾ ನಿಂತರು. "ಬೇಡ ಭಾವ" ಅಂತ ಅಂಗಿ ಎಳೆಯುವಷ್ಟರಲ್ಲಿ ಕೇಳಿಯೇಬಿಟ್ಟರು: "ಬೌಲಿಂಗ್ ಮಾಡಿದ್ದೀಯಾ ಯಾವತ್ತಾದ್ರೂ?"

ಆ ಮನುಷ್ಯ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. "ನಮ್ಮಣ್ಣನ ಹೆಣ ಇನ್ನೂ ಅಂಗಳದಲ್ಲಿ ಅದೆ. ನೀನು ಬೌಲಿಂಗ್ ಕೇಳ್ತೀಯೇನ್ಲಾ?" ಅಂತ ಭಾವನ ಕೊರಳಪಟ್ಟಿ ಹಿಡಿದ. ನಾಲ್ಕು ಜನ ಬಿಡಿಸಿದರು. ನಾನು ಚಪ್ಪಲಿ ಬಿಟ್ಟ ಜಾಗ ಮರೆತು ಬರಿಗಾಲಲ್ಲಿ ಬೈಕು ಹತ್ತಿದೆ. ಇಡೀ ದಾರಿ ನಾನು ಬೈದೆ. ಭಾವ ಒಂದೇ ಮಾತು ಹೇಳಿದರು: "ಏನ್ ಶಕ್ತಿ ನೋಡ್ದಾ ಆ ಕೈಲಿ?"

ಹನ್ನೊಂದನೇ ದಿನ ತಿಥಿ ಆಯಿತು. ಹದಿಮೂರನೇ ದಿನ ಫೋನು. ಆಲೆಮನೆಯವನದೇ! "ಅಣ್ಣ, ಅವತ್ತು ಬೌಲಿಂಗ್ ಅಂದ್ರಲ್ಲ. ಯಾವತ್ತು ಬರ್ಬೇಕು? ಮನೇಲಿ ಕುಂತ್ಕಳಕ್ಕಾಗ್ತಾ ಇಲ್ಲ."

ನಾನು ಶ್ರೀರಂಗಪಟ್ಟಣದಲ್ಲಿ ಒಂದು ಕಚೇರಿಯ ಗುಮಾಸ್ತ. ಹಾಗಾಗಿ ಯೋಜನೆ ಟೈಪು ಮಾಡುವ ಪಾಡು ನನ್ನದಾಯಿತು. 'ನಾಲ್ಕು ತಾಲ್ಲೂಕುಗಳ ನಲವತ್ತೈದು ವರ್ಷ ಮೀರಿದ ಗಂಡಸರ ಕ್ರಿಕೆಟ್ ಅಭಿವೃದ್ಧಿ ಯೋಜನೆ' ಅಂತ ಹೆಸರು. ಒಳಗೆ ಇದ್ದದ್ದು ಮೂರೇ ಮಾತು. ತಾಲ್ಲೂಕಿಗೊಂದು ಟೀಮು. ಭಾನುವಾರ ಬೆಳಿಗ್ಗೆ ಆಟ. ಯಾರಾದರೂ ಒಬ್ಬ ಬರದಿದ್ದರೆ, ಒಬ್ಬರು ಅವನ ಮನೆಗೆ ಹೋಗಿ ನೋಡಿಕೊಂಡು ಬರುವ ತನಕ ಆಟ ಶುರು ಮಾಡುವ ಹಾಗಿಲ್ಲ.

ಇದನ್ನು ಹಿಡಿದುಕೊಂಡು ಕ್ರೀಡೆಗೆ ಸಂಬಂಧಪಟ್ಟ ಒಬ್ಬ ಅಧಿಕಾರಿಯ ಮುಂದೆ ನಿಂತೆವು. ಅವರು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು.

"ನಮ್ಮಲ್ಲಿರೋದು ಯುವಜನರಿಗೆ ಮಾತ್ರ ಕಣ್ರೀ."

"ಐವತ್ತಾದೋರು ಜನ ಅಲ್ವಾ ಸಾ?"

"ಜನ ಸರಿ, ಯುವಜನ ಅಲ್ಲವಲ್ಲ! ಅಷ್ಟಕ್ಕೂ ಈ ವಯಸ್ಸಲ್ಲಿ ಯಾಕ್ರೀ ನಿಮಗೆ ಕ್ರಿಕೆಟ್ಟು?"

ಭಾವ ಉತ್ತರ ಕೊಡಲಿಲ್ಲ. ಹಾಳೆ ಮಡಚಿ ಜೇಬಿಗೆ ಇಟ್ಟುಕೊಂಡರು. ಉತ್ತರ ನನಗೆ ಗೊತ್ತಿತ್ತು. ನಾನೂ ಹೇಳಲಿಲ್ಲ. ಈಗ ಹೇಳುತ್ತೇನೆ.

ಭಾವನಿಗೆ ಒಬ್ಬ ತಮ್ಮ ಇದ್ದ. ಹನ್ನೆರಡು ವರ್ಷ ಚಿಕ್ಕವನು, ಅಂದರೆ ನನ್ನ ವಾರಗೆಯವನು. ಹೈಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ಹೆಣ್ಣು ನೋಡಿ ನೋಡಿ ಎಲ್ಲೂ ಕೂಡಿಬರದೆ ಕೊನೆಗೆ ಮದುವೆಯ ಮಾತೇ ಬೇಡ ಅಂದುಬಿಟ್ಟಿದ್ದ. ಕೆ.ಆರ್.ಪೇಟೆಯಲ್ಲಿ ಕೆಲಸ, ಅಲ್ಲೇ ಬಾಡಿಗೆ ರೂಮು. ಒಂದು ಬೆಳಿಗ್ಗೆ ಎದೆ ನೋವು ಬಂದು ಆ ರೂಮಿನಲ್ಲೇ ಹೋಗಿಬಿಟ್ಟ. ಗೊತ್ತಾಗಿದ್ದು ಮೂರನೇ ದಿನ. ಊರಿಗೆ ಹೋಗಿದ್ದಾನೆ ಅಂತ ಜೊತೆ ಕೆಲಸದವರು ಅಂದುಕೊಂಡಿದ್ದರು. ಕೆಲಸದ ಮೇಲೆ ಎಲ್ಲೋ ಹೋಗಿದ್ದಾನೆ ಅಂತ ಮನೆ ಓನರು ಅಂದುಕೊಂಡಿದ್ದರು. ರೂಮಿನಲ್ಲಿ ಆರಾಮಾಗಿದ್ದಾನೆ ಅಂತ ನಾವು ಅಂದುಕೊಂಡಿದ್ದೆವು. ಎಲ್ಲರೂ ಅವನನ್ನು ಇನ್ನೆಲ್ಲೋ ಇಟ್ಟಿದ್ದೆವು.

ಮಣ್ಣು ಮಾಡುವ ದಿನ ಇನ್ನೂರು ಜನ ಸೇರಿದ್ದರು. ಭಾವ ಅಳಲಿಲ್ಲ. ನೋಟುಬುಕ್ಕು ತೆಗೆದಿದ್ದು ಅವತ್ತೇ ಮೊದಲು. ಒಬ್ಬೊಬ್ಬರ ಮುಂದೆಯೂ ನಿಂತು ಕೇಳಿದರು: "ಇವನ ಜೊತೆ ಕೊನೇಗೆ ಯಾವಾಗ ಮಾತಾಡಿದ್ರಿ?" ಒಬ್ಬರು ಹಬ್ಬದಲ್ಲಿ ಅಂದರು. ಒಬ್ಬರು ಯಾರದೋ ಮದುವೆಯಲ್ಲಿ ಅಂದರು. ನೆನಪಿಲ್ಲ ಅಂದವರೇ ಜಾಸ್ತಿ. ನನ್ನ ಮುಂದೆ ಬಂದಾಗ ನಾನು "ಹೋದ ವಾರ ಮಾತಾಡಿದ್ದೆ ಭಾವ" ಅಂದೆ. ಸುಳ್ಳು. ಹೋದ ವಾರ ಅವನು ಎರಡು ಸಲ ಫೋನು ಮಾಡಿದ್ದ. ಸಂಜೆ ಮಾಡೋಣ ಅಂತ ನಾನು ಬಿಟ್ಟಿದ್ದೆ. ಭಾವ ಏನೂ ಅನ್ನದೆ ಬರೆದುಕೊಂಡರು. ತಮ್ಮನ ಫೋನು ಆಗಲೇ ಅವರ ಜೇಬಿನಲ್ಲಿತ್ತು, ನಾನು ಎತ್ತಲಿಲ್ಲ ಅನ್ನುವುದು ಅವರಿಗೆ ಗೊತ್ತಿತ್ತು ಅಂತ ಎಷ್ಟೋ ದಿನದ ಮೇಲೆ ಅಕ್ಕ ಹೇಳಿದಳು. ಭಾವ ಮಾತ್ರ ಇವತ್ತಿಗೂ ಅದರ ಸೊಲ್ಲೆತ್ತಿಲ್ಲ. ಯೋಜನೆಯನ್ನು ನಾನು ತುಟಿ ಬಿಚ್ಚದೆ ಯಾಕೆ ಟೈಪು ಮಾಡಿಕೊಟ್ಟೆ ಅಂತ ಈಗ ತಿಳಿಯಿತಲ್ಲ?

ಟೀಮುಗಳೇನೋ ಆದವು. ಆದರೆ ಎಂಥ ಟೀಮುಗಳು! ನಾಗಮಂಗಲದವರು ದೇವಲಾಪುರದ ಹತ್ತಿರ ರಾಗಿ ಕೊಯ್ದ ಹೊಲದಲ್ಲಿ ಆಡುತ್ತಿದ್ದರು. ಚೆಂಡು ಹಿಡಿಯಲು ಬಗ್ಗಿದವನು ಮೇಲಕ್ಕೆ ಏಳಲಾರ. ಅವನನ್ನು ಎತ್ತಲು ಇನ್ನಿಬ್ಬರು ಓಡಬೇಕು. ಅಷ್ಟರಲ್ಲಿ ಆ ಕಡೆಯವನು ಎರಡು ರನ್ನು ಓಡಿಬಿಡಬಹುದಿತ್ತಲ್ಲ? ಎಲ್ಲಿ! ಅವನು ಅರ್ಧ ದಾರಿಯಲ್ಲಿ ಸೊಂಟ ಹಿಡಿದು ಏದುಸಿರು ಬಿಡುತ್ತಾ ನಿಂತಿರುತ್ತಿದ್ದ. "ನಿಧಾನಕ್ಕೆ ಬಾ ಅಣ್ಣ, ಔಟ್ ಮಾಡಾಕಿಲ್ಲ" ಅಂತ ಬೌಲರು ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಕಾಯುತ್ತಿದ್ದ. ಐದು ಓವರಿಗೊಮ್ಮೆ ಆಟ ನಿಲ್ಲುತ್ತಿತ್ತು. ಅದು ಬಿಪಿ ಮಾತ್ರೆ ನುಂಗುವ ಹೊತ್ತು.

ಮನೆಗೆ ಹೋಗಿ ನೋಡಿಕೊಂಡು ಬರುವ ಕಾನೂನಂತೂ ಎಷ್ಟೋ ಮನೆಗಳಲ್ಲಿ ಜಗಳ ತಂದಿತು. ಒಬ್ಬ ಯಾರಿಗೂ ಹೇಳದೆ ಮಾವನ ಮನೆಯ ಬಾಡೂಟಕ್ಕೆ ಹೋಗಿದ್ದ. ಮೂರು ಬೈಕಿನಲ್ಲಿ ಆರು ಜನ ಅಲ್ಲಿಗೇ ಹೋಗಿ ಇಳಿದರು. ಏನು ಅನಾಹುತವಾಯಿತೋ ಅಂತ ಅವನ ಅತ್ತೆ ಕಿರುಚಿಕೊಂಡಳು. "ಏನಿಲ್ಲ ಕಣವ್ವ, ನಿಮ್ಮಳಿಯ ಬದುಕವ್ರಾ ಅಂತ ನೋಡಕ್ ಬಂದ್ವಿ" ಅಂದರು. ಊಟ ಮುಗಿಸಿಕೊಂಡೇ ಬಂದರು ಅನ್ನುವುದು ಬೇರೆ ಮಾತು.

ನಮ್ಮ ಅಕ್ಕ ಮೊದಲಿನಿಂದಲೂ ಸಿಡಿಮಿಡಿ. "ರಿಟೈರಾದ್ಮೇಲೆ ಮನೇಲಿರ್ತಾರೆ ಅಂದ್ಕಂಡೆ. ಈಗ ನೋಡು, ದಿನಾ ಹೆಣದ ಮನೆ. ಬಂದ್ ಬಂದಾಗೆಲ್ಲ ಸ್ನಾನಕ್ಕೆ ನೀರು ಕಾಯಿಸಿ ಕಾಯಿಸಿ ನನಗೆ ಸಾಕಾಯ್ತು" ಅನ್ನುತ್ತಿದ್ದಳು. ಆದರೂ ಹಿತ್ತಿಲಲ್ಲಿ ಬಿಸಿನೀರು ಕಾದೇ ಇರುತ್ತಿತ್ತು.

ಕೆ.ಆರ್.ಪೇಟೆ ಟೀಮಿನಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಒಬ್ಬರು ವಿಕೆಟ್ ಕೀಪರು. ಹೆಂಡತಿ ತೀರಿಹೋಗಿ ನಾಲ್ಕು ವರ್ಷವಾಗಿತ್ತು, ಮಗಳು ಮದುವೆಯಾಗಿ ಶಿವಮೊಗ್ಗ ಸೇರಿದ್ದಳು. ಎಲ್ಲರಿಗಿಂತ ಮೊದಲು ಬಂದು ಮೈದಾನದ ಕಲ್ಲು ಹೆಕ್ಕುವ ಮನುಷ್ಯ. ಒಂದು ಭಾನುವಾರ ಏಳಾದರೂ ಬರಲಿಲ್ಲ. ಏಳೂಕಾಲಿಗೆ ಹತ್ತೂ ಜನ ಅವರ ಮನೆ ಬಾಗಿಲಲ್ಲಿದ್ದರು. ಒಳಗಿಂದ ಚಿಲಕ. ಬ್ಯಾಟಿನಿಂದಲೇ ಬಾಗಿಲು ಒಡೆದರು. ಆ ಟೀಮು ಆ ಬ್ಯಾಟಿನಲ್ಲಿ ಸರಿಯಾಗಿ ಹೊಡೆದ ಹೊಡೆತ ಅಂದರೆ ಅದೊಂದೇ. ಬಚ್ಚಲಲ್ಲಿ ಬಿದ್ದಿದ್ದರು, ಉಸಿರಿತ್ತು. ಗೂಡ್ಸ್ ಆಟೋದಲ್ಲಿ ಮಲಗಿಸಿಕೊಂಡು ಮಂಡ್ಯದ ಆಸ್ಪತ್ರೆಗೆ ಓಡಿದರು.

ಭಾವ ಅವತ್ತು ಕುಣಿದಾಡಿಬಿಟ್ಟರು. "ಒಬ್ಬನ್ನ ಇಡ್ಕಂಡ್ವಿ ಕಣ್ಲಾ! ಒಬ್ಬನ್ನ ಇಡ್ಕಂಡ್ವಿ!" ಅಂತ ಫೋನಿನಲ್ಲಿ ಕೂಗಿದರು.

ಮಂಗಳವಾರ ಮಧ್ಯಾಹ್ನ ಆ ಕೀಪರು ಆಸ್ಪತ್ರೆಯಲ್ಲೇ ತೀರಿಕೊಂಡರು.

ಆ ಸಾವಿನ ಮನೆಗೆ ಭಾವ ನೋಟುಬುಕ್ಕು ತರಲಿಲ್ಲ. ಶಾಮಿಯಾನದ ಹೊರಗೆ ಬಿಸಿಲಲ್ಲೇ ನಿಂತಿದ್ದರು. "ನಿಲ್ಲಿಸ್ಬುಡಣ ಕಣ್ಲಾ. ಹುಚ್ಚಾಟ ಆಯ್ತು ಇದು" ಅಂದರು. ಅವರ ಬಾಯಲ್ಲಿ ಆ ಮಾತು ಕೇಳಬೇಕು ಅಂತ ನಾನು ಎಷ್ಟು ತಿಂಗಳಿಂದ ಕಾದಿದ್ದೆ! ಕೇಳಿದಾಗ, ಹೇಳದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಅಷ್ಟರಲ್ಲಿ ಸತ್ತವರ ಮಗಳು ನಮ್ಮನ್ನು ಹುಡುಕಿಕೊಂಡು ಬಂದಳು. "ಕ್ರಿಕೆಟ್‌ನೋರು ನೀವೇನಾ? ನಾನು ಶಿವಮೊಗ್ಗದಿಂದ ಬರೋ ಗಂಟ ಅಪ್ಪ ಇದ್ರು ಅಣ್ಣ. ನನ್ನ ಜೊತೆ ಮಾತಾಡಿದ್ರು. ನೀರು ಕೇಳಿದ್ರು, ನಾನೇ ಕುಡಿಸ್ದೆ" ಅಂದಳು. ಭಾವನ ಕಾಲು ಮುಟ್ಟಿ ಒಳಗೆ ಹೋದಳು.

ಭಾವ ನನ್ನ ಅಂಗಿಯ ಜೇಬಿನಿಂದ ಪೆನ್ನು ಎಳೆದುಕೊಂಡರು. "ಹಾಳೆ ಇದ್ರೆ ಕೊಡ್ಲಾ" ಅಂದರು.

ಭತ್ತದ ಕೊಯ್ಲಾದ ಮೇಲೆ ಕಿರಂಗೂರಿನ ಗದ್ದೆಯಲ್ಲಿ ನಾಲ್ಕು ಟೀಮಿನ ಪಂದ್ಯ ನಡೆಯಿತು. ಕೆ.ಆರ್.ಪೇಟೆಗೆ ಹತ್ತೇ ಜನ. ಬೇರೆಯವರನ್ನು ಹಾಕಿಕೊಳ್ಳಲು ಅವರು ಒಪ್ಪಲಿಲ್ಲ. ಕೊನೆಗೆ ಅವರೇ ಬಲವಂತ ಮಾಡಿ ಭಾವನನ್ನು ಇಳಿಸಿದರು. ಮೊದಲನೇ ಚೆಂಡಿಗೆ ಬೋಲ್ಡು! ಹಾಕಿದವನು ಆಲೆಮನೆಯವನು. ಔಟು ಮಾಡಿದ್ದಕ್ಕೆ ಅವನೇ ಓಡಿಬಂದು ಕ್ಷಮೆ ಕೇಳಿದ. ನಾಗಮಂಗಲದವರು ಗೆದ್ದರು. ಬಹುಮಾನ ಕೊಡಲು ಬಂದಿದ್ದ ಅದೇ 'ಯುವಜನ'ದ ಅಧಿಕಾರಿಯವರಿಗೂ ನಲವತ್ತಾರು ವಯಸ್ಸು ಅಂತ ಮಾತಿನ ನಡುವೆ ಹೊರಬಿತ್ತು. ಅವರ ಭಾಷಣ ಮುಗಿಯುವಷ್ಟರಲ್ಲಿ ಭಾವ ಅವರ ಹೆಸರನ್ನೂ ಬರೆದುಕೊಂಡಿದ್ದರು.

ಅದಾದ ತಿಂಗಳಿಗೆ ತಮ್ಮನ ವರ್ಷದ ಎಡೆ ಬಂತು. ಭಾವ ಯಾರಿಗೂ ಹೇಳಿರಲಿಲ್ಲ. ಮನೆಯವರಿಗೆ ಅಂತ ಅಕ್ಕ ಅಡುಗೆ ಮಾಡಿದ್ದಳು. ಹನ್ನೊಂದು ಗಂಟೆಗೆ ಬೈಕುಗಳ ಸದ್ದು. ಯಾರಿಂದ ಗೊತ್ತಾಯಿತೋ, ನಾಲ್ಕೂ ತಾಲ್ಲೂಕಿನವರು ಬಿಳಿ ಅಂಗಿ ಹಾಕಿಕೊಂಡು, ಒಬ್ಬೊಬ್ಬರು ಒಂದೊಂದು ಮೊಳ ಹೂವು ಹಿಡಿದು ಬಂದಿದ್ದರು. "ಅಯ್ಯೋ, ಎಲ್ಲಿ ಸಾಲ್ತದೆ ನನ್ನ ಅನ್ನ!" ಅನ್ನುತ್ತಾ ಅಕ್ಕ ಇನ್ನೊಂದು ಹಂಡೆಯನ್ನು ಒಲೆಗೆ ಏರಿಸಿದಳು.

ಪಟದಲ್ಲಿದ್ದವನನ್ನು ಅವರಲ್ಲಿ ಯಾರೂ ಜೀವಂತ ನೋಡಿರಲಿಲ್ಲ. ಎಲೆಗಳ ಮುಂದೆ ಕೂತು ಉಣ್ಣುತ್ತಿದ್ದರು. ಆಲೆಮನೆಯವನು ಕೇಳಿದ: "ಇವ್ರು ಎಂಗಿದ್ರು ಅಣ್ಣ? ಒಸಿ ಹೇಳಿ."

ಒಂದು ವರ್ಷ ಭಾವ ತಮ್ಮನ ವಿಷಯ ಎತ್ತಿರಲಿಲ್ಲ. ಅಕ್ಕನ ಜೊತೆಗೂ ಇಲ್ಲ, ನನ್ನ ಜೊತೆಗಂತೂ ಇಲ್ಲ. ಸಾರಿನ ಸೌಟು ಹಿಡಿದು ಸಾಲಿನ ನಡುವೆ ನಿಂತಿದ್ದವರು ಹಾಗೇ ಹೇಳತೊಡಗಿದರು.

"ನಾನು ಕೆಲಸಕ್ಕೆ ಸೇರಿದ ಹೊಸತು. ಅವನಿಗೆ ಎಂಟು ವರ್ಸ. ನನಗೆ ಬುತ್ತಿ ತರೋನು. ನಾನು ಕಂಬದ ಮೇಲಿದ್ರೆ ಬುತ್ತಿ ಕೆಳಗಿಟ್ಟು ಕಂಬದ ಬುಡಕ್ಕೇ ಬಂದು ನಿಂತ್ಕಳೋನು. ಓಗ್ಲಾ ನೆರಳಿಗೆ ಅಂದ್ರೆ ಓಗ್ತಿರ್ಲಿಲ್ಲ. ಇಂಗೆ ಎರಡೂ ಕೈ ಚಾಚ್ಕಂಡು ನಿಂತಿರೋನು. ನಾನು ಬಿದ್ರೆ ಇಡ್ಕಳಕೆ!"

ಸೌಟನ್ನು ಅಕ್ಕನ ಕೈಗೆ ಕೊಟ್ಟು, ಹೇಗೆ ಅಂತ ತೋರಿಸಲು ಭಾವ ಎರಡೂ ಕೈ ಮುಂದೆ ಚಾಚಿದರು. ಚಾಚಿದ ಕೈ ಇಳಿಸಲಿಲ್ಲ. ಮುಖ ಕಿವುಚಿಹೋಗಿ ಅಳುವಿನ ಒಂದು ಸದ್ದು ಬಂತು. ಆ ಸದ್ದನ್ನು ನಾನು ಅವರಿಂದ ಯಾವತ್ತೂ ಕೇಳಿರಲಿಲ್ಲ.

ಆಲೆಮನೆಯವನು ಅರ್ಧ ಉಂಡ ಎಲೆ ಬಿಟ್ಟು ಎದ್ದು ಬಂದ. ಕೈ ತೊಳೆಯಬೇಕು ಅಂತಲೂ ಅವನಿಗೆ ಹೊಳೆಯಲಿಲ್ಲ. ಎಂಜಲು ಕೈಯಲ್ಲೇ ಭಾವನ ಎರಡೂ ಕೈಗಳನ್ನು ಹಿಡಿದುಕೊಂಡು ನಿಂತ.