ಕಾದು ಕೂತ ಪೆಟ್ಟಿಗೆಯೂ ಒಂದು ಬಾಗಿಲೇ?

ಫೈರ್‌ವಾಲ್ ಕಂಪನಿಯ ಲೈಸೆನ್ಸ್ ವಿಭಾಗದ ಮಾನ್ಯರೇ,

ಕಾಣದ ಊರಿನಲ್ಲಿ ಕೂತು ನಮ್ಮೂರಿನ ಬಾಗಿಲುಗಳನ್ನು ಎಣಿಸುತ್ತಿರುವ ತಮ್ಮ ಪಾದಾರವಿಂದಗಳಿಗೆ ಮೆಣಸೆಯ ಅನ್ನಪೂರ್ಣಮ್ಮನ ನಮಸ್ಕಾರಗಳು. ಬಗ್ಗಲು ಸೊಂಟ ಬಿಡದ ಕಾರಣ ನಿಂತೇ ಮಾಡಿದ್ದೇನೆ, ಮನ್ನಿಸಬೇಕು.

ಕೊಪ್ಪದ ನಮ್ಮ ಧರ್ಮಾರ್ಥ ಕಣ್ಣಾಸ್ಪತ್ರೆಯ ಸಮಿತಿಯಲ್ಲಿ ನಾನೂ ಒಬ್ಬಳು. ಶೃಂಗೇರಿಯಲ್ಲೂ ನರಸಿಂಹರಾಜಪುರದಲ್ಲೂ ಅದಕ್ಕೆ ಚಿಕ್ಕ ಶಾಖೆಗಳಿವೆ. ಅಲ್ಲಿ ತೆಗೆದ ಕಣ್ಣಿನ ಫೋಟೋವನ್ನು ಕೊಪ್ಪದ ಡಾಕ್ಟರು ಕಂಪ್ಯೂಟರಿನಲ್ಲಿ ನೋಡಿ ಔಷಧಿ ಹೇಳುವ ಏರ್ಪಾಟು. ನಡುವೆ ಕಳ್ಳರು ನುಗ್ಗದಂತೆ ಬಾಗಿಲು ಕಾಯುವುದು ತಮ್ಮ ಪೆಟ್ಟಿಗೆಗಳು. ಬೆಂಕಿಯ ಗೋಡೆ ಎಂಬ ಹೆಸರಿಗೆ ಹೆದರಿ ಮೆಲ್ಲಗೆ ಮುಟ್ಟಿ ನೋಡಿದ್ದೆ. ಬಾಣಂತಿ ಕೋಣೆಯಷ್ಟು ಬೆಚ್ಚಗಿತ್ತು, ಅಷ್ಟೇ. ಇವುಗಳ ಮೇಲೆ ಯಜಮಾನಿಕೆ ಮಾಡುವ ಯಂತ್ರವೊಂದಿದ್ದು, ಅದು ಮೂರು ಬಾಗಿಲು ಆಳಬಹುದೆಂದು ತಾವು ಲೈಸೆನ್ಸ್ ದಯಪಾಲಿಸಿದ್ದೀರಿ. ಮೂರು ಊರು, ಮೂರು ಬಾಗಿಲು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೂ ಲೆಕ್ಕ ಸರಿಯಾಗಿಯೇ ಕಂಡಿತ್ತು.

ಆದರೆ ಹೋದ ವರ್ಷ ಸಿಡಿಲಿಗೆ ಕೊಪ್ಪದ ಪೆಟ್ಟಿಗೆ ಸುಟ್ಟು, ಮೂರೂ ಊರಿನ ಕೆಲಸ ನಿಂತಿತು. ಅದಕ್ಕೇ ಈ ಸಲ ಮೂರೂ ಊರಿಗೆ ಹೊಸ ಪೆಟ್ಟಿಗೆ ತರಿಸಿ, ಕೊಪ್ಪದಲ್ಲಿ ಜೋಡಿ ಇಟ್ಟೆವು. ಒಂದು ದುಡಿಯುತ್ತದೆ, ಇನ್ನೊಂದು, ಅದರ ಉಸಿರು ಯಾವಾಗ ನಿಂತೀತೋ ಎಂದು ಪಕ್ಕದಲ್ಲೇ ಕಾದು ಕೂತಿರುತ್ತದೆ. ತಮ್ಮ ಲೈಸೆನ್ಸ್ ಆ ಕಾದು ಕೂತದ್ದನ್ನೂ ಎಣಿಸಿಬಿಟ್ಟಿತು. ಕೊಪ್ಪಕ್ಕೆ ಎರಡು, ಶೃಂಗೇರಿಗೆ ಒಂದು, ಅಲ್ಲಿಗೆ ಮುಗಿಯಿತು. ನರಸಿಂಹರಾಜಪುರದ ಪೆಟ್ಟಿಗೆ ರಟ್ಟಿನ ಡಬ್ಬಿಯಿಂದ ಹೊರಗೇ ಬರಲಿಲ್ಲ.

ಆಹಾ, ಎಂಥ ಸೂಕ್ಷ್ಮ ದೃಷ್ಟಿ! ನಮ್ಮಲ್ಲಿ ಪೂಜೆಯ ಗಣಪಯ್ಯನಿಗೆ ಸೂತಕ ಬಂದರೆ ಅವನ ತಮ್ಮ ಬಂದು ಗಂಟೆ ಅಲ್ಲಾಡಿಸುತ್ತಾನೆ; ಹಾಗೆಂದು ದೇವಸ್ಥಾನ ಎರಡಾಯಿತು ಎಂದವರಿಲ್ಲ. ಕದ ಎರಡಿದ್ದರೂ ಬಾಗಿಲು ಒಂದೇ ಎಂದುಕೊಂಡು ಒಂದೇ ಹೊಸ್ತಿಲಿಗೆ ರಂಗೋಲಿ ಹಾಕುತ್ತ ಮುದುಕಿಯಾದೆ, ನನ್ನ ದಡ್ಡತನಕ್ಕೆ ಏನು ಹೇಳಲಿ! ದಯವಿಟ್ಟು ತಮ್ಮವರೊಬ್ಬರನ್ನು ಕಳಿಸಿ ನನ್ನ ಮೂಗಿನ ಹೊಳ್ಳೆಗಳನ್ನೂ ಬೇರೆ ಬೇರೆ ಎಣಿಸಿಕೊಂಡು, ನೆಗಡಿಗೆ ಕಟ್ಟಿದ ಹೊಳ್ಳೆಗೆ ರಿಯಾಯಿತಿ ಉಂಟೋ ಇಲ್ಲವೋ ತಿಳಿಸಬೇಕು.

ನರಸಿಂಹರಾಜಪುರದಲ್ಲಿ ನನ್ನ ಚಿಕ್ಕಕ್ಕ ಇದ್ದಾಳೆ. ಸಕ್ಕರೆ ಕಾಯಿಲೆಗೆ ಅವಳ ಒಂದು ಕಣ್ಣು ಹೋಗಿದೆ, ಉಳಿದದ್ದರೊಳಗೆ ರಕ್ತ ಒಸರುತ್ತಿದೆಯೋ ಎಂದು ಡಾಕ್ಟರು ಆಗಾಗ ನೋಡುತ್ತಿರಬೇಕು. ಫೋಟೋ ತೆಗೆದಾಗಿದೆ, ಬಾಗಿಲಿಲ್ಲದೆ ಅದು ಅಲ್ಲೇ ಉಳಿದಿದೆ. ಫೋನಿನಲ್ಲಿ ಅವಳು, "ಎಂತದೇ ಅದು, ನಿಮ್ಮ ಕಂಪನಿಗೆ ನಿದ್ದೆ ಹೊಡೆಯುವ ಪೆಟ್ಟಿಗೆ ಕಾಣ್ತದೆ, ನಾನು ಕಾಣೂದಿಲ್ವನೇ?" ಎಂದಳು. ಆಸ್ಪತ್ರೆಯ ಕಂಪ್ಯೂಟರ್ ನೋಡಿಕೊಳ್ಳುವ ಶಶಾಂಕ ತಮಗೆ ಬರೆದು ಕೇಳಿದ್ದಕ್ಕೆ, ದೊಡ್ಡ ಲೈಸೆನ್ಸ್ ಕೊಂಡರೆ ಸರಿಹೋಗುತ್ತದೆ ಎಂಬ ಸಿಹಿ ಉತ್ತರ ಬಂತು. ಪೆಟ್ಟಿಗೆಗಾದರೆ ಇನ್ನೊಂದು ಕಾದು ಕೂತಿರುತ್ತದೆ ಸ್ವಾಮಿ. ಚಿಕ್ಕಕ್ಕನಿಗೆ ಕಾದು ಕೂತ ಇನ್ನೊಂದು ಕಣ್ಣಿಲ್ಲ. ಅಂಥದ್ದು ತಮ್ಮ ಗೋಡೌನಿನಲ್ಲಿದ್ದರೆ ಕಳಿಸಿಕೊಡಿ, ಎರಡೆಂದೇ ಎಣಿಸಿಕೊಳ್ಳಿ, ತಕರಾರಿಲ್ಲ.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ, ಲೆಕ್ಕಕ್ಕೆ ಒಬ್ಬಳೇ ಆದ,
ಅನ್ನಪೂರ್ಣಮ್ಮ
ಮೆಣಸೆ, ಮೇ ೨೦೦೮

ಮರೆತ ಮಾತು: ತಮ್ಮ ಕೃಪೆಗೆ ಕಾಯುವಷ್ಟು ಪುರುಸೊತ್ತು ಚಿಕ್ಕಕ್ಕನ ಕಣ್ಣಿಗೆ ಇರಲಿಲ್ಲವಾದ್ದರಿಂದ, ಕಾದು ಕೂತ ಪೆಟ್ಟಿಗೆಯ ವಯರು ಕೀಳಿಸಿ, ಅದರ ಹೆಸರನ್ನು ಯಜಮಾನ ಯಂತ್ರದಿಂದ ತೆಗೆಸಿ, ಆ ಜಾಗಕ್ಕೆ ನರಸಿಂಹರಾಜಪುರವನ್ನು ಸೇರಿಸಿದೆವು. ಫೋಟೋ ಬಂತು, ಡಾಕ್ಟರು ನೋಡಿದರು, ಚಿಕಿತ್ಸೆ ಶುರುವಾಗಿದೆ. ಈಗ ಅವಳಿಗೂ ಒಂದೇ ಕಣ್ಣು, ಕೊಪ್ಪಕ್ಕೂ ಒಂದೇ ಪೆಟ್ಟಿಗೆ. ಸಂಜೆಯಾದರೆ ಗುಡುಗುತ್ತಿದೆ. ಸಿಡಿಲು ಬಿದ್ದ ದಿನ ತಮಗೆ ಎಣಿಸುವ ಶ್ರಮವೂ ಇರುವುದಿಲ್ಲ: ಊರು ಮೂರು, ಬಾಗಿಲು ಸೊನ್ನೆ.