ಗಡ್ಡದ ರಾಜನ ರೂಪಾಯಿ

ಹಳೇ ನಾಣ್ಯದ ಹುಚ್ಚು ಹತ್ತಿಸಿಕೊಂಡವನು ಆಗಾಗ ನಗೆಪಾಟಲಾಗದೆ ವಿಧಿಯಿಲ್ಲ. ಶಿರಾದಲ್ಲಿ ನಾನು ಟೈಲರ್ ಅಂಗಡಿ ಇಟ್ಟಿದ್ದಷ್ಟು ಕಾಲವೂ ನನ್ನದು ಇದೇ ಕತೆ.

೧. ಸಂಚಿಯೊಳಗಿನ ರಾಜ

ಎಪ್ಪತ್ತರ ದಶಕದಲ್ಲಿ ಸಂತೆಗೆ ಬಂದ ಹೆಂಗಸರು ಹರಿದ ಎಲೆಅಡಿಕೆ ಸಂಚಿ ಹೊಲಿಸಲು ನನ್ನಲ್ಲಿಗೆ ಬರುತ್ತಿದ್ದರು. ಒಳಗೆ ತೂತಿನ ಕಾಸೋ ತಾಮ್ರದ ಬಿಲ್ಲೆಯೋ ಸಿಕ್ಕರೆ, ಕೂಲಿಯ ಬದಲು ಅದನ್ನೇ ಇಸಿದುಕೊಳ್ಳುತ್ತಿದ್ದೆ. ಬುಕ್ಕಾಪಟ್ಟಣದ ಕಡೆಯ, ಕುರಿ ಸಾಕುವ ಮನೆಯ ಅಜ್ಜಿಯೊಬ್ಬಳ ಸಂಚಿಯಲ್ಲಿ ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ ಇತ್ತು. ಗಡ್ಡದ ರಾಜನ ತಲೆ, ಗಡ್ಡದ ಒಂದೊಂದು ಕೂದಲೂ ಕಾಣುತ್ತಿತ್ತು. ಅಂಥದ್ದು ನನ್ನ ಡಬ್ಬಿಯಲ್ಲಿರಲಿಲ್ಲ.

“ಇದನ್ನ ನಂಗೆ ಕೊಡಜ್ಜಿ.”

“ಏನ್ಮಾಡ್ತೀಯಾ?”

“ಡಬ್ಬೀಲಿಟ್ಟು ನೋಡ್ತೀನಿ.”

ಅಜ್ಜಿ ಅದನ್ನು ನನ್ನ ಮೆಷಿನ್ನಿಗೆ ಕುಟ್ಟಿ ಠಣ್ ಅನ್ನಿಸಿದಳು. “ಬೆಳ್ಳಿ ಇರಾದು ಮೈಮೇಲೆ ಹಾಕ್ಕಣಾಕೆ ಕಣಪ್ಪ. ನಮ್ಮನೇಲಿ ಎಲ್ರ ಧಾರೇಗೂ ಇದನ್ನೇ ಕೈಲಿಡಾದು. ಕೊನೇ ಮೊಮ್ಮಗಳ ಮದುವೆ ಆಗ್ಲಿ, ನಿಂಗೇ ಕೊಟ್ಬುಡ್ತೀನಿ.”

ಆ ಮೊಮ್ಮಗಳು ಆಗಿನ್ನೂ ಅಜ್ಜಿಯ ಸೊಂಟದ ಮೇಲೆ ಕೂತು ಬೆರಳು ಚೀಪುತ್ತಿದ್ದಳು.

೨. ಹುಣಸೆಹಣ್ಣು

ಅಂಗಡಿಯ ಹಿಂದೆಯೇ ನಮ್ಮ ಮನೆ. ಒಂದು ಗೌರಿ ಹಬ್ಬದ ಮುಂದೆ ಒಳಗೆ ಹೋದರೆ, ನನ್ನ ತಾಮ್ರದ ನಾಣ್ಯಗಳೆಲ್ಲ ಚೊಂಬು ತಟ್ಟೆಗಳ ಜೊತೆ ಬಿಸಿಲಿನಲ್ಲಿ ಫಳಫಳ ಹೊಳೆಯುತ್ತಿದ್ದವು. ಹೆಂಡತಿ ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿಬಿಟ್ಟಿದ್ದಳು. ಹಳೇ ನಾಣ್ಯಕ್ಕೆ ಆ ಕಪ್ಪೇ ಬೆಲೆ ಎಂದು ಅವಳಿಗೆ ಹೇಳುವುದು ಹೇಗೆ?

“ನೂರು ವರ್ಷದ ಕಪ್ಪು ಕಣೇ ಅದು,” ಎಂದು ತಲೆ ಚಚ್ಚಿಕೊಂಡೆ.

“ಅದಕ್ಕೇ ಅಷ್ಟು ಹೊತ್ತು ಹಿಡೀತು ಅನ್ನಿ,” ಎಂದಳು.

೩. ಕೊಟ್ಟ ಮಾತು

ಎಂಬತ್ತರ ದಶಕದ ಕೊನೆಗೆ ಆ ಮೊಮ್ಮಗಳ ಮದುವೆ ಬಂತು. ಮನೆಮಂದಿಯ ರವಿಕೆಗಳನ್ನೆಲ್ಲ ನಾನು ಪುಕ್ಕಟೆ ಹೊಲಿದುಕೊಟ್ಟೆ. ರೂಪಾಯಿಗೆಂದು ಮಕಮಲ್ ಹಾಸಿದ ಪುಟ್ಟ ಡಬ್ಬಿಯನ್ನೂ ಮಾಡಿಟ್ಟುಕೊಂಡೆ. ಅಷ್ಟು ವರ್ಷ ಪ್ರತಿ ಸಂತೆಯಲ್ಲೂ ಅಜ್ಜಿ ಆ ರೂಪಾಯಿಯನ್ನು ತೋರಿಸಿ ನನ್ನ ಹೊಟ್ಟೆ ಉರಿಸಿದ್ದಳು. ನನಗಾಗಿ ಕಡಲೆಕಾಯಿಯನ್ನೂ ಮಡಿಲಲ್ಲಿ ಕಟ್ಟಿಕೊಂಡು ಬರುತ್ತಿದ್ದಳು. ಅವಳು ಬಾರದ ವಾರ ನನಗೆ ಸಂತೆಯೇ ಸಪ್ಪೆ.

ಮದುವೆ ಮುಗಿಸಿ ಅಂಗಡಿಗೆ ಬಂದ ಅಜ್ಜಿ ಸೆರಗಿನ ಗಂಟು ಬಿಚ್ಚಿದಳು. ನಾನು ಡಬ್ಬಿ ತೆರೆದು ಹಿಡಿದೆ. ಗಂಟಿನಿಂದ ಉದುರಿದ್ದು ಒಂದು ಜೊತೆ ಕಾಲುಂಗುರ.

“ರೂಪಾಯಿ ಎಲ್ಲಜ್ಜಿ?”

“ಇದೇ ಕಣಪ್ಪ. ಬರೀ ರೂಪಾಯಿ ಹೆಂಗೆ ಕೊಡಾದು ಅಂತ ಆಚಾರಿ ತಾವ ಕರಗಿಸಿ ನಿನ್ನೆಂಡ್ರಿಗೆ ಮಾಡಿಸ್ದೆ. ಕೂಲೀನೂ ನಾನೇ ಕೊಟ್ಟಿವ್ನಿ.”

“ರಾಜ?” ಎಂದೆ.

“ಆ ಗಡ್ಡದಪ್ಪ ಯಾವತ್ತೋ ಸತ್ತ. ಬೆಳ್ಳಿ ಅಂಗೇ ಐತೆ, ಬೇಕಾದ್ರೆ ತೂಕ ಹಾಕ್ಸು.”

ಅಜ್ಜಿ ಈಗಿಲ್ಲ. ಮಕಮಲ್ ಡಬ್ಬಿಯಲ್ಲಿ ಹೆಂಡತಿ ಪಿನ್ನು ಗುಂಡಿ ಹಾಕಿಟ್ಟಿದ್ದಾಳೆ. ನನ್ನ ಅತಿ ಅಪರೂಪದ ನಾಣ್ಯ ಮಾತ್ರ ದಿನವಿಡೀ ಅಡುಗೆಮನೆಯಲ್ಲಿ ಓಡಾಡಿಕೊಂಡಿದೆ. ಅದನ್ನು ನೋಡಬೇಕೆನಿಸಿದಾಗಲೆಲ್ಲ ನಾನು ಹೆಂಡತಿಯ ಕಾಲಿಗೆ ಬಗ್ಗಬೇಕು.