ಬೀದಿಗೆ ಕೊಡದ ಗಿಣ್ಣು

ಪವಿತ್ರ, ಸಿದ್ದೇಶ, ನಿಮ್ಮಜ್ಜಿಗೆ ಬಾಯಿಲ್ಲ ಎಂದು ಊರೆಲ್ಲ ಹೇಳುತ್ತದೆ. ಸುಳ್ಳಲ್ಲ. ಏಳನೇ ಕ್ಲಾಸಿನವರೆಗೆ ಓದಿದೆ. ಮೇಷ್ಟ್ರು ಹಾಜರಿ ಕೂಗಿದಾಗ ನನ್ನ ದನಿ ಪಕ್ಕದಲ್ಲಿ ಕೂತವಳಿಗೂ ಕೇಳುತ್ತಿರಲಿಲ್ಲ. ಆ ಪುಸ್ತಕದ ಪ್ರಕಾರ ನಾನು ಎಷ್ಟೋ ದಿನ ಶಾಲೆಗೇ ಹೋಗಿಲ್ಲ. ನಿಮ್ಮ ತಾತ ಇದ್ದಷ್ಟು ದಿನ ಮನೆಯಲ್ಲಿ 'ಇಲ್ಲ' ಅನ್ನುವ ಕೆಲಸವನ್ನು ಅವರೇ ನೋಡಿಕೊಂಡರು. ಅವರು ಹೋದ ಮೇಲೆ ಯಾರು ಏನು ಕೇಳಿದರೂ ನಾನು ಹೂಂ ಅಂದೆ. ಹಾಗೆ ಹೂಂ ಅಂದೂ ಅಂದೂ ಹೋದ ವರ್ಷ ಒಂದು ಕರುವನ್ನೇ ಕಳೆದುಕೊಂಡೆ.

ಕಂದಿಕೆರೆಯಿಂದ ತಂದ ನಮ್ಮ ಗಂಗೆ ಕಪ್ಪು ಬಿಳುಪಿನ ಮಿಶ್ರತಳಿ ಹಸು. ಅದು ಮೊದಲ ಸಲ ಕರು ಹಾಕಿದ ಸುದ್ದಿ ನಾನು ಕೈ ತೊಳೆಯುವುದರೊಳಗೆ ಬೀದಿ ಸುತ್ತಿ ಬಂದಿತ್ತು. ಈದ ಹಸುವಿನ ಮೊದಲ ಹಾಲು, ಅದೇ ಗಿಣ್ಣುಹಾಲು, ನಮ್ಮಲ್ಲಿ ಬೀದಿಗೇ ಸೇರಿದ್ದು. ಓರಗಿತ್ತಿ ರುದ್ರಮ್ಮ ಸೆರಗು ಸಿಕ್ಕಿಸಿಕೊಂಡು ಬಂದಳು. "ಮಾಸು ಬೀಳೋಗಂಟ ಕರುಗೆ ಹಾಲು ಬುಡಬಾರ್ದು ಕಣಕ್ಕ, ಭೇದಿಯಾಯ್ತದೆ. ಅಷ್ಟ್ರಲ್ಲಿ ಗಿಣ್ಣು ಕಾಯ್ಸಾನ, ತತ್ತಾ" ಅಂದಳು. ಮಾಸು ಅಂದರೆ ಕರು ಹುಟ್ಟಿದ ಮೇಲೆ ಹಸುವಿನ ಹೊಟ್ಟೆಯಿಂದ ಬೀಳುವ ಪೊರೆ. ನಾನು ಹೂಂ ಅಂದೆ. ಬೆಲ್ಲ ಏಲಕ್ಕಿ ಬಿದ್ದು ಹನ್ನೊಂದು ಮನೆಗೆ ಬಟ್ಟಲು ಹೋಯಿತು. ಕರುವಿಗೆ ಸಾಯಂಕಾಲ ಮಿಕ್ಕಿದ್ದು ಸಿಕ್ಕಿತು. ಐದನೇ ದಿನ ಅದಕ್ಕೆ ಬಿಳಿ ಭೇದಿ ಹತ್ತಿತು. ಒಂಬತ್ತನೇ ದಿನ ಹೋಯಿತು. ಹಿತ್ತಲ ತೆಂಗಿನ ಬುಡದಲ್ಲಿ ಮಣ್ಣು ಮಾಡಿ ಬಂದರೆ, ಯಾರೋ ತಡವಾಗಿ ತಂದ ಬಟ್ಟಲೊಂದು ಜಗಲಿಯ ಮೇಲೆ ಕೂತಿತ್ತು. ಖಾಲಿ ಬಟ್ಟಲು ವಾಪಸು ಕೊಡಬಾರದಲ್ಲ, ಒಳಗೊಂದು ಬೆಲ್ಲದ ಚೂರು. "ಗಿಣ್ಣು ಏನ್ ಚೆನ್ನಾಗಿತ್ತಕ್ಕ!" ಎಂದು ಪಕ್ಕದ ಮನೆಯವಳು ಕೂಗಿ ಹೇಳಿದಳು. ಅದಕ್ಕೂ ಹೂಂ ಅಂದೆ.

ಆಮೇಲೆ ಪಶು ಆಸ್ಪತ್ರೆಯ ಡಾಕ್ಟರು ಬಿಡಿಸಿ ಹೇಳಿದರು. ಕರು ಹುಟ್ಟಿದಾಗ ಅದಕ್ಕೆ ರೋಗ ತಡೆಯುವ ಶಕ್ತಿ ಇರುವುದಿಲ್ಲವಂತೆ. ತಾಯಿ ಅದನ್ನು ಗಿಣ್ಣುಹಾಲಿನಲ್ಲಿ ಇಟ್ಟಿರುತ್ತದಂತೆ. ಒಂದೆರಡು ಗಂಟೆಯೊಳಗೆ ಕುಡಿಸಬೇಕು, ಮಾಸು ಬೀಳಲಿ ಬಿಡಲಿ. ನಾನು ಅವರ ಚಪ್ಪಲಿ ನೋಡುತ್ತಾ ಕೇಳಿಸಿಕೊಂಡೆ. ಒಂದು ಮಾತೂ ಮರೆಯಲಿಲ್ಲ.

ಈ ವರ್ಷ ಗಂಗೆ ಹೆಣ್ಣು ಕರು ಹಾಕಿತು, ಬೆಳಿಗ್ಗೆ ಕಾಫಿ ಹೊತ್ತಿಗೆ. ಗೋಣಿಯಲ್ಲಿ ಮೈ ಒರೆಸಿ, ಹೊಕ್ಕುಳಿಗೆ ಔಷಧಿ ಹಚ್ಚಿ, ಹಾಲು ಕರೆದು ಬಾಟಲಿಯಲ್ಲಿ ಕುಡಿಸುತ್ತಿದ್ದೆ. ರುದ್ರಮ್ಮ ಚೊಂಬು ಹಿಡಿದು ಬಂದಳು.

"ಇಲ್ಲ" ಅಂದೆ.

"ಏನಿಲ್ಲ?"

"ಗಿಣ್ಣು ಇಲ್ಲ."

"ಅಲ್ಲಾ ಕಣಕ್ಕ, ಅಷ್ಟುದ್ದ ಕೆಚ್ಚಲು! ಎಲ್ಲಾನೂ ಈ ಮೊಳದುದ್ದದ ಕರು ಕುಡಿದಾದಾ?"

"ಇವತ್ತು ಉಳಿದದ್ದು ನಾಳೆ ಕುಡೀತದೆ. ನಾಡಿದ್ದೂ ಕುಡೀತದೆ."

"ಬೀದಿಗೆ ಏನಂತ ಹೇಳ್ಲಿ?"

"ಕರು ಬದುಕ್ಲಿ ಅಂತ ಹೇಳು."

ಹೇಳಿದ್ದೇನೋ ಹೇಳಿ, ಬಾಟಲಿಯನ್ನು ಮತ್ತೆ ಕರುವಿನ ಬಾಯಿಗಿಟ್ಟೆ. ಇದು ಯಾರ ದನಿ ಎಂದು ಗಂಗೆಯೂ ತಿರುಗಿ ನೋಡಿತು.

ಮಾರನೇ ವಾರ ಹಾಲಿನ ಡೈರಿಯ ಸಾಲಿನಲ್ಲಿ, "ಕರುಗೆ ಬಾಣಂತನ ಮಾಡೋರು ಬಂದ್ರು, ದಾರಿ ಬುಡ್ರವ್ವಾ!" ಎಂದು ರುದ್ರಮ್ಮ ಎಲ್ಲರನ್ನೂ ನಗಿಸಿದಳು. ಮೊದಲಾಗಿದ್ದರೆ ಕ್ಯಾನು ಹೊತ್ತು ಮನೆಗೆ ಓಡುತ್ತಿದ್ದೆ. ಅವತ್ತು, "ನಿನ್ ಮಗಳು ಹೆತ್ತಾಗ ಹಾಲು ಮಗೀಗೆ ಕೊಟ್ರಾ, ಬೀದಿಗೆ ಹಂಚಿದ್ರಾ?" ಅಂದೆ. ನಗು ನಿಂತಿತು. ಮೂರು ತಿಂಗಳು ಅವಳು ನನಗೆ ಕರಿಬೇವು ಕೊಡಲಿಲ್ಲ. ಒಗ್ಗರಣೆಗೆ ಬರೀ ಸಾಸಿವೆ ಹಾಕಿದೆ.

ಕರು ಮಾತ್ರ ಬೆಳೆಯಿತು. ಹೊತ್ತಿಗೆ ಸರಿಯಾಗಿ ಜಂತುಹುಳದ ಔಷಧಿ ಕುಡಿಸಿದೆ. ಸೋಮವಾರಕ್ಕೊಮ್ಮೆ ತೆಂಗಿನ ನಾರಿನ ಹಗ್ಗದಿಂದ ಅದರ ಎದೆ ಸುತ್ತಳತೆ ಹಿಡಿದು, ಬಂದಲ್ಲಿಗೆ ಒಂದು ಗಂಟು ಹಾಕುತ್ತೇನೆ. ಪ್ರತಿ ಗಂಟೂ ಹಿಂದಿನದಕ್ಕಿಂತ ಮುಂದೆ ಬಿದ್ದಿದೆ. ಯಾರು ಬೇಕಾದರೂ ಬಂದು ಎಣಿಸಲಿ ಎಂದು ಹಗ್ಗವನ್ನು ಬಾಗಿಲ ಮೊಳೆಗೇ ನೇತುಹಾಕಿದ್ದೆ.

ಮೊನ್ನೆ ರುದ್ರಮ್ಮನ ಹಸು ಈಯಿತು. ಬೆಳಿಗ್ಗೆಯಿಂದ ಜಗಲಿಯಲ್ಲೇ ಕೂತೆ. ಅವಳ ಬಟ್ಟಲು ಖಾಲಿ ಕಳಿಸಬಾರದಲ್ಲ, ಬೆಲ್ಲದ ಉಂಡೆಯನ್ನೂ ಸೆರಗಿಗೆ ಕಟ್ಟಿಕೊಂಡಿದ್ದೆ. ಮಧ್ಯಾಹ್ನ ತಿರುಗಿದರೂ ಬಟ್ಟಲಿಲ್ಲ. ಕರಿಬೇವಿನ ನೆಪದಲ್ಲಿ ನಾನೇ ಹೋದೆ. ರುದ್ರಮ್ಮ ಕರುವಿನ ಬಾಯಿಗೆ ಬಾಟಲಿ ಇಟ್ಟು ಕೂತಿದ್ದಳು.

"ಗಿಣ್ಣು..." ಅಂದೆ.

"ಒಂದ್ ತೊಟ್ಟೂ ಇಲ್ಲ ಕಣಕ್ಕ. ಕರು ಬದುಕ್ಲಿ" ಅಂದಳು, ತಲೆ ಎತ್ತದೆ.

ಇಷ್ಟು ವರ್ಷದ ಒಡನಾಟ, ಒಂದು ಬಟ್ಟಲು ಇವಳಿಗೆ ಹೆಚ್ಚಾಯಿತೇ, ಅದೂ ಅಷ್ಟುದ್ದ ಕೆಚ್ಚಲು ಇಟ್ಟುಕೊಂಡು, ಎಂದು ಬೈದುಕೊಳ್ಳುತ್ತಾ ಹಿತ್ತಲವರೆಗೆ ಬಂದೆ. ಕರು ಮಣ್ಣು ಮಾಡಿದ ತೆಂಗಿನ ಬುಡ ಬಂದಾಗ ನಾನು ಬೈಯುತ್ತಿರುವುದು ಯಾರನ್ನು ಎಂದು ಹೊಳೆಯಿತು. ಅಲ್ಲೇ ನಿಂತು ಬೆಲ್ಲದ ಉಂಡೆಯನ್ನು ನಾನೇ ತಿಂದೆ.

ಮಕ್ಕಳೇ, ಈ ಹಾಳೆಗಳನ್ನು ಜೋಪಾನವಾಗಿಡಿ. ಸದ್ಯಕ್ಕೆ ಆ ಗಂಟಿನ ಹಗ್ಗದಲ್ಲೇ ಸುತ್ತಿಟ್ಟಿದ್ದೇನೆ. ನೀವು ಬೇರೆ ದಾರ ಹುಡುಕಿ ಕಟ್ಟಿ. ಸೋಮವಾರದ ಹೊತ್ತಿಗೆ ಹಗ್ಗ ರುದ್ರಮ್ಮನಿಗೆ ಬೇಕಂತೆ, ಅವಳ ಕರುವಿನ ಸುತ್ತಳತೆ ಹಿಡಿಯಲು. ಕೇಳಿದಳು, ಹೂಂ ಅಂದೆ.